ಭೂಮಿಗೆ ಭಾರ

ಜೆಜ್ಕಜ್ಗನ್ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ
ಬೆಳೆದ ಗಂಡಸರಿಗೆ ಅಂಬೆಗಾಲು ಬಿಡಿಸುವುದು ನನ್ನ ಕೆಲಸ.

ಮೊನ್ನೆ ಇಳಿದವನು ದೋಸ್ಬೊಲ್, ವೆಲ್ಡರ್.
ಹದಿನೆಂಟು ತಿಂಗಳು ಮೇಲೆ, ಕಕ್ಷೆಯ ಹಡಗುಕಟ್ಟೆಯಲ್ಲಿ
ತೊಲೆಗೆ ತೊಲೆ ಬೆಸೆದವನು.
ಅಂಗಾಲು ಹಸುಗೂಸಿನದು.
ಜಡ್ಡುಗಟ್ಟಿರುವುದು ಪಾದದ ಮೇಲ್ಮೈ,
ಸರಳಿನಡಿ ಬೆರಳು ಸಿಕ್ಕಿಸಿ ನಿಂತೂ ನಿಂತೂ.

ಚಹಾದ ಬಟ್ಟಲನ್ನು ಗಾಳಿಯಲ್ಲೇ ಇಟ್ಟುಬಿಟ್ಟ.
ಚೂರು ಗುಡಿಸುತ್ತ ಇಬ್ಬರೂ ನಕ್ಕೆವು.
ಆಮೇಲೆ ಅಂದ:
'ತಲೆ ಇಷ್ಟು ತೂಗುತ್ತದೆಂದು ಮರೆತಿದ್ದೆ, ಬಗಿಲಾ.
ನಾಲಿಗೆ ಕೂಡ.'

ಕಂಪನಿ ಕೊಡುವುದು ನಲವತ್ತು ದಿನ.
ನಲವತ್ತೊಂದಕ್ಕೆ ಈ ಮಂಚ ಇನ್ನೊಬ್ಬನದು.

ಇಂದು ಅವನ ತಾಯಿ ಬಂದಳು
ಹುಲ್ಲುಗಾವಲು ದಾಟಿ, ಎರಡು ಬಸ್ಸು ಬದಲಿಸಿ,
ಕಪ್ಪು ಬಿಳಿ ಹೆಣೆದ ಹುರಿಯೊಂದನ್ನು ಸೆರಗಿನಂಥ ಶಾಲಿನಲ್ಲಿ ಗಂಟುಕಟ್ಟಿ.
ಮೊದಲ ಹೆಜ್ಜೆಯ ಮಗುವಿಗೆ ನಮ್ಮಲ್ಲಿ ಮಾಡುವಂತೆ
ಮಗನ ಎರಡೂ ಕಣಕಾಲಿಗೆ ಬಿಗಿದಳು.
'ನೀನು ಚುರುಕಿನವಳು, ನೀನೇ ಕತ್ತರಿಸು.'
ನನ್ನಲ್ಲಿದ್ದದ್ದು ಬ್ಯಾಂಡೇಜಿನ ಕತ್ತರಿ.

ಒಂದು ಹೆಜ್ಜೆ. ಗೋಡೆ. ಇನ್ನೊಂದು.
'ಅಪ್ಪ ಬೈಯುತ್ತಿದ್ದ,' ಏದುಸಿರಲ್ಲಿ ಅಂದ,
'ಕೂತು ತಿನ್ನುತ್ತೀಯ, ಭೂಮಿಗೆ ಭಾರ ನೀನು, ಅಂತ.'
ಅದನ್ನೇ ಕಲಿ, ಎಂದೆ.
ಪೂರ್ತಿ ಭಾರ ಹಾಕು. ನೆಲ ತಡೆಯುತ್ತದೆ.

ಸಂಜೆ ಹಾಸಿಗೆ ಬದಲಿಸುವಾಗ
ದಿಂಬಿನಡಿ ಸಿಕ್ಕಿತು ಮುಂದಿನ ಸರದಿಯ ಅರ್ಜಿ,
ಅರ್ಧ ತುಂಬಿದ್ದು.
ಇದ್ದ ಹಾಗೇ ಇಟ್ಟೆ.

ಅವನ ತಾಯಿ ಕತ್ತರಿಸಿದ ಹುರಿ ಕೇಳಲಿಲ್ಲ.
ನನ್ನ ಕೋಟಿನ ಜೇಬಿನಲ್ಲಿದೆ,
ಏನೂ ತೂಕವಿಲ್ಲ ಅದಕ್ಕೆ.