ಒಂಬತ್ತನೇ ನಂಬರಿನ ಬೂಟು

ಪಂಚಾಯ್ತಿ ಕೊಟ್ಟ ಗಂಬೂಟು ಒಂಬತ್ತನೇ ನಂಬರು.
ನನ್ನದು ಐದು.
"ಕಸದ ಗಾಡಿಗೆ ಡ್ರೈವರು ಅಂದರೆ ಗಂಡಸೇ ಅಂದುಕೊಂಡಿದ್ದಾರೆ ಕಣೇ,
ಟೆಂಡರು ಬರೆದವರು," ಎಂದಳು ಫಿಲೋಮಿನಾ,
ಹಿಂದೆ ನಿಂತು ಬಕೆಟು ಸುರಿದುಕೊಳ್ಳುವವಳು.

ಅದಕ್ಕೇ ಇಳಿದಾಗ ಬೂಟು, ಹತ್ತಿದಾಗ ಬರಿಗಾಲು.
ಇಳಿದರೆ ಗಾಜಿನ ಚೂರು, ಬ್ಲೇಡು, ಮೀನಿನ ಮುಳ್ಳು;
ಹತ್ತಿದರೆ ಮೂರೇ ಮೂರು ಪೆಡಲು,
ಅವಕ್ಕೆ ನನ್ನ ಅಂಗಾಲು ಗೊತ್ತು.
ಎಡಗಾಲುಂಗುರ ಕ್ಲಚ್ಚಿಗೆ ತಾಗಿ ಟಿಣ್ ಅಂದ ಮೇಲೇ ಗೇರು.
ಬ್ರೇಕು ತುಸು ಮೆತ್ತಗಾದರೂ
ಗ್ಯಾರೇಜಿನ ಇಸ್ಮಾಯಿಲನಿಗಿಂತ ಮೊದಲು
ಬಲಗಾಲ ಹೆಬ್ಬೆರಳಿಗೆ ಸುದ್ದಿ.

ಮದುವೆಯಾಗಿ ಬಂದ ವರ್ಷ ಎಮ್ಮೆ ಸತ್ತಿತ್ತು.
ಕಾಲ್ಗುಣ, ಎಂದಿದ್ದರು ಅತ್ತೆ.
ಈಗ ಅದೇ ಕಾಲು ಹನ್ನೊಂದು ಊರಿನ ಕಸ ತರುತ್ತದೆ,
ತಿಂಗಳ ಕೊನೆಗೆ ಅವರ ಬಿಪಿ ಮಾತ್ರೆಯನ್ನೂ.

ಶಿವಮೊಗ್ಗದಲ್ಲಿ ಕಲಿಸಿದ ಷಣ್ಮುಗಂ ಮಾಸ್ತರು ಹೇಳಿದ್ದು ಇಷ್ಟು:
"ಕೈ ದಾರಿ ತೋರಿಸುತ್ತೆ ಅಷ್ಟೆ, ಪ್ರಾಣ ಇರೋದು ಕಾಲಲ್ಲಿ.
ಹವಾಯಿ ಬೇಡ, ಹೀಲ್ಸು ಬೇಡ."
ಬರಿಗಾಲು? ಅಂದೆ.
ಮಾಸ್ತರು ಕಿಟಕಿಯಾಚೆ ನೋಡಿದರು. "ಸಿಗ್ನಲ್ ಬಿತ್ತು, ಹೊರಡು."

ಒಣಕಸ ಇಳಿಸಿ ಬರುವಾಗ ತೀರ್ಥಹಳ್ಳಿಯಲ್ಲಿ ಒಮ್ಮೆ ಕೈ ಅಡ್ಡ ಬಂತು.
ಲೈಸೆನ್ಸು, ಇನ್ಶೂರೆನ್ಸು, ಹೊಗೆಯ ಚೀಟಿ, ಎಲ್ಲ ನೋಡಿ
ಪೊಲೀಸಪ್ಪ ಬಗ್ಗಿ ಕೆಳಗೆ ನೋಡಿದ.
"ಏನಮ್ಮ, ಬರಿಗಾಲು? ಕಾನೂನು ಒಪ್ಪುತ್ತಾ?"
"ಒಪ್ಪಲ್ಲ ಅಂತ ಎಲ್ಲಿ ಬರೆದಿದೆ ಸಾರ್?"
ಮೊಬೈಲು ತೆಗೆದ. ಬೆರಳಾಡಿಸಿದ. ಕನ್ನಡಕ ಹಣೆಗೇರಿಸಿದ.
ಹೆಲ್ಮೆಟ್ಟು ಇತ್ತು, ಬೆಲ್ಟು ಇತ್ತು, ಕುಡಿತ ಇತ್ತು,
ಅವನು ಹುಡುಕಿದಲ್ಲೆಲ್ಲೂ ಪಾದ ಇರಲಿಲ್ಲ.
ಹಿಂದಿನವರ ಹಾರನ್ನು. ನನ್ನ ಗಾಡಿಯ ವಾಸನೆ.
"ದೊಡ್ಡ ಸಾಹೇಬರನ್ನ ಕೇಳಿ ಹೇಳ್ತೀನಿ, ಹೋಗು."
ಇನ್ನೂ ಹೇಳಿಲ್ಲ.

ಬರಿಗಾಲು ತಪ್ಪೇ ಮಾಡದು ಅನ್ನಲಾರೆ.
ಜಡಿಮಳೆಯ ದಿನ ಒದ್ದೆ ಪಾದ ಪೆಡಲಿಂದ ಜಾರಿದ್ದಿದೆ.
ಉಂಬಳವೊಂದು ಬೆರಳ ಸಂದಿಯಲ್ಲಿ ಕೂತು
ಕೋಣಂದೂರಿನವರೆಗೂ ಜತೆಗೆ ಬಂದದ್ದಿದೆ;
ನಿಲ್ಲಿಸಲು ಜಾಗ ಸಿಗುವ ತನಕ
ಅದು ಕುಡಿಯಿತು, ನಾನು ಓಡಿಸಿದೆ.

ಆದರೆ ಆ ಮಂಗಳವಾರದ ತಪ್ಪು ಕಾಲಿನದಲ್ಲ.
ಸುಣ್ಣದಗೂಡಿನ ಇಳಿಜಾರು. ತುಂಬಿದ ಗಾಡಿ.
ಕಳಚಿ ಪಕ್ಕಕ್ಕೆಸೆದ ಬೂಟು
ತಿರುವಿನಲ್ಲಿ ಉರುಳಿ, ನಾಯಿಮರಿಯ ಹಾಗೆ ಬಂದು
ಬ್ರೇಕಿನ ಕೆಳಗೆ ಮಲಗಿತು.
ಒತ್ತಿದೆ. ರಬ್ಬರು.
ಇನ್ನೂ ಒತ್ತಿದೆ. ರಬ್ಬರು.
ಮುಂದೆ ಹಾಲಿನ ಡೈರಿ, ಕ್ಯಾನು ಹಿಡಿದ ಏಳೆಂಟು ಜನ,
ಸೈಕಲ್ಲಿನ ಚೈನು ಹಾಕುತ್ತ ಒಬ್ಬ ಹುಡುಗ,
ನನ್ನ ಕಡೆಗೆ ಬೆನ್ನು.
ಕಾಲಿಗೆ ಚಕ್ರ ಕಟ್ಟಿಕೊಂಡವಳು ಅನ್ನುತ್ತಾರಲ್ಲ ನನ್ನ,
ಆ ಗಳಿಗೆ ಚಕ್ರಕ್ಕೆ ಕಾಲೇ ಇರಲಿಲ್ಲ.
ಬೆರಳುಗಳು ಬೂಟಿನ ಬಾಯಿ ತಡಕಿದವು,
ಹಿಡಿದವು, ಹೌದು, ಕೈ ಹಿಡಿದ ಹಾಗೇ ಹಿಡಿದವು,
ಎಳೆದು ಹಾಕಿದವು.
ಗಾಡಿ ನಿಂತಾಗ ಹುಡುಗ ತಿರುಗಿ ನೋಡಿ
"ಅಕ್ಕಾ, ಇವತ್ತು ಹಸಿ ಕಸ ತಂದಿಲ್ಲ" ಎಂದ.

ಅಂದಿನಿಂದ ಬೂಟು ಹಿಂದೆ, ಹಗ್ಗ ಬಿಗಿದು.
ಶೆಡ್ಡಿನಲ್ಲಿ ಎರಡು ಸಲ ಅದನ್ನೂ ಕಸವೆಂದು ಸುರಿದರು.

ಕಳೆದ ವಾರ ಒಣಕಸದ ಚೀಲದಲ್ಲಿ
ಯಾವುದೋ ಶಾಲೆಯ ಬಿಳಿ ಕ್ಯಾನ್ವಾಸು, ಐದನೇ ನಂಬರು,
ತೆಳು ಅಡಿ, ಒಂದಕ್ಕೆ ಕೆಂಪು ಲೇಸು.
ತೊಳೆದೆ. ಒಲೆಯ ಬಳಿ ಒಣಗಿಸಿದೆ. ಹಾಕಿದೆ.
ಜಾರುವುದಿಲ್ಲ, ಉರುಳುವುದಿಲ್ಲ,
ಉಂಬಳಕ್ಕೂ ಒಂದಿಷ್ಟು ಕಷ್ಟ.
ಒಳ್ಳೆಯದೇ, ಗೊತ್ತು.

ಕ್ಲಚ್ಚು ಒತ್ತಿ ಆ ಟಿಣ್‌ಗಾಗಿ ಚೂರು ಕಾಯುತ್ತೇನೆ.
ಫಿಲೋಮಿನಾ ಹಿಂದಿನಿಂದ ತಗಡು ಬಡಿಯುತ್ತಾಳೆ:
ಹೊರಡೇ.