ಮಡಚು ಟಪ್ಪು

ಹುಬ್ಬಳ್ಳ್ಯಾಗ ಬಿಸಿಲು, ಧಾರವಾಡದಾಗ ಮಳಿ.
ನಡುವ ಇಪ್ಪತ್ತು ಕಿಲೋಮೀಟರು.
ಉಣಕಲ್ ಕೆರೀ ಹತ್ರ ಅಂಗಿ ಗುಂಡಿ ಬಿಚ್ಚಿದವ
ನವಲೂರ ದಾಟೂದ್ರಾಗ ಛತ್ರಿ ಹುಡಕತಾನ.
ಇಂಥಾ ರಸ್ತಾಕ್ಕ ಒಂದು ಗಾಡಿ ಬೇಕು, ಅಂದ ಗೌಸುಸಾಬ ಲೋಹಾರ,
ಬೇಕಾದಾಗ ತಲಿ ಬಿಚ್ಚೂದು, ಬೇಕಾದಾಗ ಮುಚ್ಚೂದು.
ಬಟ್ಟೀದಲ್ಲ ಮತ್ತ. ತಗಡಿಂದು.

ಕಾರವಾರ ರೋಡಿನ ಗ್ಯಾರೇಜು. ನಾನು ಹದಿನಾರರ ಹುಡುಗ.
ಅಕ್ಷರ ದುಂಡಗ ಅದಾವು ಅಂತ
ಕೈಯಾಗಿನ ಪಾನಾ ಕಸಗೊಂಡು ವಹಿ ಕೊಟ್ಟ:
'ಬರಕೋ, ತಮ್ಮಾ.'

ಮಾಡೆಲ್ ಒಂದು. ತೊಂಬತ್ತಾರನೇ ಇಸ್ವಿ.
ಹಳೇ ಫಿಯೆಟ್ಟು, ನಡಾ ಕೊಯ್ದು ಗಿಡ್ಡ ಮಾಡಿದ್ದು.
ಹಿಂದಿನ ಸೀಟು ಇಲ್ಲ. ಟಪ್ಪು ಒಂದ ತುಂಡು,
ಕಪಾಟಿನ ಬಿಜಾಗ್ರಿ.
ತಗ್ಯಾಕ ನಾಲ್ಕು ಮಂದಿ, ಆನಸಾಕ ಒಂದು ಗ್ವಾಡಿ.
ಗ್ವಾಡಿ ಗಾಡಿ ಹಿಂದ ಬರೂದಿಲ್ಲಲ್ಲ?
ಸತ್ತೂರ ಹತ್ರ ತೊಯ್ದು ತೊಪ್ಪಿ ಆದ್ವಿ.
ಸ್ಟೇರಿಂಗ್ ಒರಸ್ತಾ ಅಂದ:
'ಮಾಳಿಗಿ ಮನ್ಯಾಗ ಬಿಟ್ಟು ಊರಿಗೆ ಹೊಂಟಂಗಾತು.'
ಷರಾ ಕಾಲಮ್ಮಿನ್ಯಾಗ ಅದನ್ನೂ ಬರದೀನಿ.

ಆಮ್ಯಾಲ ಎರಡು ವರ್ಷ ಬರೇ ಗೆರಿ.
ನೆಲದ ಮ್ಯಾಲ, ಸಿಗರೇಟ್ ಪಾಕೀಟಿನ ಮ್ಯಾಲ,
ಗಿರಾಕಿ ಗಾಡಿಯ ಧೂಳ ಹತ್ತಿದ ಕಾಜಿನ ಮ್ಯಾಲ.
ತಗಡು ಮಡಚಿದ್ರ ಸುಕ್ಕು ಬೀಳ್ತದ,
ಮಡಚಲಿಲ್ಲಂದ್ರ ಡಿಕ್ಕ್ಯಾಗ ಹಿಡಿಯೂದಿಲ್ಲ.
ಒಂದಿನ ಮಧ್ಯಾಹ್ನ ಚಮನಬಿ ಬುತ್ತಿ ತಂದಾಳ.
ಕಟಕ್ ರೊಟ್ಟಿ, ಡಬ್ಬಿಗಿಂತ ಅಗಲ.
ಕಟ್ ಅಂತ ಮುರದ್ಲು,
ಅರ್ಧದ ಮ್ಯಾಲ ಅರ್ಧ ಇಟ್ಟು ಮುಚ್ಚಳ ಹಾಕಿದ್ಲು.
ಗೌಸುಸಾಬ ಆ ಡಬ್ಬಿ ತಗದ, ಹಾಕಿದ,
ತಗದ, ಹಾಕಿದ.
ಅವತ್ತು ಯಾರೂ ಉಣಲಿಲ್ಲ.

ಮಾಡೆಲ್ ಎರಡು. ಟಪ್ಪು ಎರಡು ತುಂಡು.
ಕುಂದಗೋಳದ ಗುಜರಿಯಿಂದ ಟ್ರ್ಯಾಕ್ಟರಿನ ಎಣ್ಣಿ ಪಂಪು.
ಏರಾಕ ಮೂರು ನಿಮಿಷ, ಮಡಚಾಕ ನಾಲ್ಕು,
ನಡುವ ಒಮ್ಮೆ ಒದೀಬೇಕು.
ಟಪ್ಪು ಒಳಗ ಹೋತಂದ್ರ ಡಿಕ್ಕಿ ಭರ್ತಿ:
ನವಲೂರಾಗ ಕೊಂಡ ಪೇರಲ ಬುಟ್ಟಿ
ಧಾರವಾಡದ ತನಕಾ ನನ್ನ ತೊಡೀ ಮ್ಯಾಲ.
ಆಕಾಶ ಬೇಕಂದ್ರ ಸಾಮಾನು ಬಿಡಬೇಕು,
ಸಾಮಾನು ಬೇಕಂದ್ರ ಆಕಾಶ.

ಬಾಡಿಗಿಗೆ ಬಿಟ್ವಿ, ಮದಿವಿ ಮೆರವಣಿಗೀಗೆ.
ದುರ್ಗದಬೈಲಿನ್ಯಾಗ ಬ್ಯಾಂಡು ಶುರುವಾದ ಮ್ಯಾಲ
ಎಲ್ಲಾರಿಗೂ ಲಕ್ಷ್ಯಕ್ಕ ಬಂತು:
ಇರೋವು ಎರಡ ಸೀಟು.
ಒಂದ್ರಾಗ ಮದುಮಗ, ಒಂದ್ರಾಗ ಡ್ರೈವರ್ ಅಂತ ನಾನು.
ಮದುಮಗಳು ಹಿಂದ, ಮಟಡೋರಿನ್ಯಾಗ, ಬೀಗರ ಜೋಡಿ.
'ಮದಿವಿ ಡ್ರೈವರ್ ಕೂಡ ಆತೇನ್ರೀ?'
ಪಟಗದ ಮ್ಯಾಲ ಎಣ್ಣಿ ತೊಟ್ಟಿಕ್ಕಿತು,
ಬಾಡಿಗಿ ಅರ್ಧಾ ಕೊಟ್ರು.

ಮೂರನೇ ಸೀಟು ಹಾಕೋಣು ಅಂದೆ.
'ಹಾಕಿದ್ರ ಅದು ಮೋಟರ್ ಆತು,' ಅಂದ, ಸಿಟ್ಟಿಲೆ.
ಈಗೇನೈತಿ ಅದು, ನಾ ಕೇಳಲಿಲ್ಲ.

ಮಾಡೆಲ್ ಮೂರು. ಎರಡು ಸಾವಿರದ ಮೂರು.
ಪಂಪು ಕಿತ್ತು, ಲಾರಿ ವೈಪರ್ ಮೋಟರ್ ಎರಡು.
ಅರವತ್ತು ಕಿಲೋ ಹಗುರ. ಬಣ್ಣ ಬದನಿಕಾಯಿ.
ಗುಂಡಿ ಒತ್ತಿದ್ರ ನಲವತ್ತೊಂದು ಸೆಕೆಂಡು,
ಗಡಿಯಾರ ಹಿಡದು ನಾನ ಎಣಿಸೀನಿ.
ಅವತ್ತು ಗೌಸುಸಾಬ ಹನ್ನೆರಡು ಸಲ ಬಿಚ್ಚಿ ಮುಚ್ಚಿದ.
ಹದಿಮೂರನೇದು ಚಮನಬಿ ಒತ್ತಿದ್ಲು.

ವನಮಾಲಾ ಬಾಕಳೆ ನೋಡಾಕ ಬಂದಾಕಿ,
ಅಪ್ಪನ ಸೋಡಾ ಟೆಂಪೋ ಹೊಡಿಯೂ ಹುಡುಗಿ.
'ಡ್ರೈವರ್ ಯಾರು?' ಅಂದೆ.
'ಸೀಟು ಎಷ್ಟದಾವು?'
'ಎರಡು.'
'ಮತ್ತ?' ಅಂದ್ಲು.

ಬಾಸಿಂಗ ಕಟಗೊಂಡು, ಹಸಿರ ಬಳಿ ಮ್ಯಾಲ ಸರಿಸಿ
ಗೇರ್ ಹಾಕಿದ್ಲು. ಬಾಜೂಕ ಮದುಮಗ,
ಕೈ ಎಲ್ಲಿ ಇಡಬೇಕು ತಿಳೀದ ಕುಂತಾನ.
ನಾವು ಹಿಂದ ಸ್ಕೂಟರ್ ಮ್ಯಾಲ.
ಉಣಕಲ್ಲಿನ ತನಕಾ ಬಿಸಿಲು.
ಭೈರಿದೇವರಕೊಪ್ಪದಾಗ ಒಂದು ಹನಿ.
ನವಲೂರಾಗ ಜೋರ ಹೊಡೀತು.
ಟಪ್ಪು ಎದ್ದಿತು, ಅರ್ಧಕ್ಕ ನಿಂತಿತು,
ಬಾಯಿ ತಗದ ಮೊಸಳಿ ಹಂಗ.
ಗೌಸುಸಾಬ ಹಿಂದಿನಿಂದ ಒದರಿದ: 'ಒದೀ! ಒದೀ!'
ಮದುಮಗ ಎದ್ದು ನಿಂತು
ಎರಡೂ ಕೈಲೆ ತಗಡು ಎತ್ತಿ ಹಿಡದ.
ಹಾರ್ನ್ ಹೊಡಕೋತ ಹೋದ್ಲು ಆಕಿ,
ಧಾರವಾಡದ ತನಕಾ.

ಷರಾ: ಟಪ್ಪು ನಿಂತೈತಿ. ಗಾಡಿ ನಿಂತಿಲ್ಲ.
ಎಡಗಡೆ ಮೋಟರ್ ಬದಲ ಮಾಡಬೇಕು,
ಎರಡನೂರಾ ಎಂಬತ್ತು ರೂಪಾಯಿ.