ಇನ್ನೂ ಒಂದು ಬಸ್ಸು

ಎರಡೇ ಸಾಲು. ಸಾಲಿಗೆ ಮೂವತ್ತೇಳು ಅಕ್ಷರ, ಖಾಲಿ ಜಾಗವೂ ಸೇರಿ.
ನಮ್ಮ ಫಿನ್ನಿಶ್ ಪದಗಳೋ ಗೂಡ್ಸ್ ರೈಲಿನಂಥವು,
ಎಂಜಿನ್ನು ಪರದೆ ದಾಟಿದರೂ ಬಾಲ ಒಳಗೆ ಬಂದಿರುವುದಿಲ್ಲ.
ಅಷ್ಟರಲ್ಲೇ ಇಂಗ್ಲಿಷರ ನಗೆಯನ್ನು ಮಡಚಿ ತುರುಕಬೇಕು,
ಸ್ಟುಡಿಯೋದ ಜನ ನಗುವುದಕ್ಕೆ ಅರೆಗಳಿಗೆ ಮೊದಲು.
ಅವಸರಪಟ್ಟರೆ ಗುಟ್ಟು ರಟ್ಟು,
ತಡವಾದರೆ ಉಂಡೆದ್ದವರ ಮುಂದೆ ಎಲೆ ಹಾಸಿದ ಹಾಗೆ.

ಎರಡು ಸಾವಿರದ ಹತ್ತರಿಂದ ಹತ್ತೊಂಬತ್ತರವರೆಗೆ
ಇದೇ ನನ್ನ ಕೂಲಿ, ಕೋಟ್ಕಾದ ಅಡುಗೆಮನೆ ಮೇಜಿನ ಮೇಲೆ.
ಮುಚ್ಚಲಾರದ, ನಡೆಸಲಾರದ ಹೋಟೆಲೊಂದರ ಮೂರು ಸೀಸನ್,
ಹೆಂಡತಿ ಬಿಟ್ಟ ಮೂವರು ಗಂಡಸರ ದೋಣಿಮನೆ ಎರಡು,
ಕ್ಯಾಮೆರಾ ನೋಡಿ ಹುಬ್ಬೇರಿಸುವ ಗುಮಾಸ್ತರು ಲೆಕ್ಕವಿಲ್ಲ.
ಮತ್ತೆ, ಏಳು ವರ್ಷ, ಆ ಬಸ್ ಡಿಪೋ.

ಡಿಪೋ ಅಪ್ಪನದು.
ಕಾಗದದ ಕಾರ್ಖಾನೆಯ ಮೂರನೇ ಯಂತ್ರ
ಮೂವತ್ತೊಂದು ವರ್ಷ ಅವನ ಕಿವಿಯನ್ನು
ಇಲಿ ರೊಟ್ಟಿ ತಿಂದಂತೆ ಅಂಚಿನಿಂದ ತಿಂದು ಮುಗಿಸಿತ್ತು.
ನಗುವ ಆ ಜನ ಅವನ ಪಾಲಿಗೆ ಇರಲೇ ಇಲ್ಲ.
ಎಲ್ಲಿ ನಗಬೇಕೆಂದು ಹೇಳಿಕೊಡುವವರಿಲ್ಲದೆ
ತನಗೆ ತೋಚಿದಲ್ಲಿ ನಗುತ್ತಿದ್ದ,
ಕೆಲವು ಸಲ ಬರೀ ಒಬ್ಬನ ಟೋಪಿಗೆ.
ನನ್ನ ಹೆಸರು ಕೊನೆಯಲ್ಲಿ ಎರಡು ಸೆಕೆಂಡು ಬಂದಾಗ
ಪ್ರತಿ ಶುಕ್ರವಾರವೂ ಕಾಫಿ ಲೋಟ ಎತ್ತಿ ಹಿಡಿಯುತ್ತಿದ್ದ.

ಮೂರನೇ ಸೀಸನ್ನಿನ ಐದನೇ ಕಂತು.
ಆ ವಾರ ಮಗಳಿಗೆ ಜ್ವರ. ದೃಶ್ಯ ಇನ್ನೂ ಬಂದಿರಲಿಲ್ಲ,
ಬರೀ ಸಂಭಾಷಣೆಯ ಹಾಳೆ, ಬೆಳಗಿನ ಮೂರು ಗಂಟೆ.
ಆ ಭಾಷೆಯಲ್ಲಿ ಹೋದದ್ದಕ್ಕೂ ಉಳಿದದ್ದಕ್ಕೂ ಒಂದೇ ಪದವಿದೆ,
ನಾನು ಉಳಿದದ್ದನ್ನು ಆರಿಸಿಕೊಂಡೆ.

ಶುಕ್ರವಾರ ಪರದೆಯ ಮೇಲೆ ನೋಡುತ್ತೇನೆ:
ಖಾಲಿ ಅಂಗಳ. ಒಂದು ದೀಪ. ಸೂಟ್‌ಕೇಸ್ ಹಿಡಿದ ಮುದುಕಿ.
ಡ್ರೈವರ್ ಕ್ಲೆಮ್, ಟೋಪಿ ತೆಗೆದು, ಮೆಲ್ಲಗೆ, ವಿಷಾದದಿಂದ,
'ಇನ್ನೂ ಒಂದು ಬಸ್ಸು ಇದೆ.'
ನನ್ನ ಹೊಟ್ಟೆಯಲ್ಲಿ ಕಲ್ಲು ಬಿತ್ತು.
ಪಕ್ಕದಲ್ಲಿ ಅಪ್ಪ ಮೊದಲು ಸುಮ್ಮನಿದ್ದ,
ಆಮೇಲೆ ಭುಜ ಅಲುಗಿತು, ಆಮೇಲೆ ಸೋಫಾ,
ಆಮೇಲೆ ಅಮ್ಮ ಒಳಗಿನಿಂದ ಓಡಿ ಬಂದಳು, ಏನಾಯಿತೆಂದು.
ಕನ್ನಡಕ ತೆಗೆದು ಒರೆಸಿಕೊಂಡು ನನ್ನ ಮೊಣಕಾಲಿಗೆ ಬಡಿದ:
'ಇವರು ಬರೆಯುತ್ತಾರೆ ನೋಡು!'
ಹೌದು ಅಪ್ಪ, ಅಂದೆ.

ಅಂದಿನಿಂದ ಕಾಫಿ ಡಬ್ಬಿಯ ತಳ ಕಂಡರೆ ಇನ್ನೂ ಒಂದು ಬಸ್ಸು.
ಸೌನಾದ ಒಲೆ ಆರಿ, ಹುಡುಗರು ನಡುಗುತ್ತ ಕೂತರೆ ಇನ್ನೂ ಒಂದು ಬಸ್ಸು.
ಮೂರನೇ ಯಂತ್ರವನ್ನು ಬಿಚ್ಚಿ ಹಡಗಿಗೆ ಹೇರಿದ ದಿನ
ಗೇಟಿನಾಚೆ ನಿಂತ ಟೌನೊ, ಕಾಲೆರ್ವೊ, ಇಬ್ಬರು ವೆಲ್ಡರುಗಳಿಗೆ
ಅಪ್ಪ ಅದನ್ನೇ ಹೇಳಿದನಂತೆ. ಕಾಲೆರ್ವೊ ಬೈದನಂತೆ, ಆಮೇಲೆ ನಕ್ಕನಂತೆ.
ಅಮ್ಮ ಹೋದ ಸಂಜೆ ಆಸ್ಪತ್ರೆಯ ಪಾರ್ಕಿಂಗಿನಲ್ಲಿ
ಕಾರಿನ ಕೀಲಿಗಾಗಿ ಎಲ್ಲ ಜೇಬು ತಡಕಿ
ಅಪ್ಪ ಬಾಯಿ ತೆರೆದ.
ನಾನು ಅವನ ತುಟಿಯನ್ನೇ ನೋಡುತ್ತಿದ್ದೆ,
ಮೂವತ್ತು ವರ್ಷ ಅವನು ನಮ್ಮ ತುಟಿಗಳನ್ನು ನೋಡಿದ ಹಾಗೆ.
ಏನೂ ಹೇಳಲಿಲ್ಲ. ಕೀಲಿ ನನ್ನ ಕೈಯಲ್ಲೇ ಇತ್ತು.

ಈಗ ಹೊಸ ಕಂಪನಿ ಡಿಪೋವನ್ನು ಕೊಂಡಿದೆ.
ಹಳೆಯ ತಪ್ಪುಗಳನ್ನು ತಿದ್ದಿಕೊಡಿ, ಕಂತಿಗೆ ಇಷ್ಟು ಯೂರೋ.
ನಲವತ್ತೊಂದು ಸಿಕ್ಕವು ಈ ಚಳಿಗಾಲ:
ಬಿಯರಿನ ಅಳತೆ, ಫುಟ್‌ಬಾಲಿನ ನಿಯಮ,
ನಾನೇ ನಾಚಿ ಮೆತ್ತಗಾಗಿಸಿದ್ದ ಎರಡು ಬೈಗುಳ.
ಎಲ್ಲ ತಿದ್ದಿದೆ.

ಐದನೇ ಕಂತು, ಹದಿನಾಲ್ಕು ನಿಮಿಷ ಇಪ್ಪತ್ತೆರಡು ಸೆಕೆಂಡು.
ಶಬ್ದ ಪೂರ್ತಿ ಏರಿಸಿ ಕೇಳಿದೆ.
ಅಲ್ಲಿ ಯಾರೂ ನಗುವುದಿಲ್ಲ.
ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮುತ್ತಾರೆ, ಅಷ್ಟೆ.

ಕರ್ಸರು ಸ್ವಲ್ಪ ಹೊತ್ತು ಮಿನುಗಿತು.
ಆರನೇ ಕಂತು ತೆರೆದೆ.